ಮಲಗುವ ಕೋಣೆಯ ಕದ್ದಾಲಿಕೆ

ಚಾಮರಾಜಪೇಟೆಯ ವಠಾರಗಳಲ್ಲಿ ಬೆಳೆದವರಿಗೆ ಒಂದು ಮರ್ಯಾದೆ ಯಾರೂ ಹೇಳಿಕೊಡದೆ ಬರುತ್ತಿತ್ತು. ಎರಡು ಮನೆಗಳ ನಡುವೆ ಒಂದೇ ಗೋಡೆ, ಮೇಲೆ ಒಂದೇ ಹೆಂಚಿನ ಸೂರು. ಪಕ್ಕದ ಮನೆಯ ಜಗಳ, ಅಳು, ರಾತ್ರಿಯ ಪಿಸುಮಾತು ಎಲ್ಲವೂ ಈಚೆಗೆ ಕೇಳಿಸುತ್ತಿತ್ತು. ಬೆಳಿಗ್ಗೆ ನಲ್ಲಿಯ ಮುಂದೆ ಬಿಂದಿಗೆ ಹಿಡಿದು ಎದುರಾದಾಗ ಏನೂ ಕೇಳಿಸದವರಂತೆ ಇರುವುದೇ ರೂಢಿ. ಪ್ರಸ್ತದ ರಾತ್ರಿ ಬಾಗಿಲಿಗೆ ಕಿವಿಗೊಟ್ಟ ಹುಡುಗಿಯರನ್ನು ಹಿರಿಯರು ಗದರಿ ಅಟ್ಟುತ್ತಿದ್ದರು. ಯಾರಾದರೂ ಕದ್ದು ಕೇಳಿದರೂ ಅದು ಅವರ ನೆನಪಿನಲ್ಲಿ ಮಾಸಿಹೋಗುತ್ತಿತ್ತು, ಹೆಚ್ಚೆಂದರೆ ಚಾಡಿಮಾತಾಗುತ್ತಿತ್ತು. ಆ ದನಿಯನ್ನೇ ಹಿಡಿದಿಟ್ಟು ಮತ್ತೊಬ್ಬರಿಗೆ ಕೇಳಿಸುವ ದಾರಿ ಇರಲಿಲ್ಲ.

ಈಗ ಎಲ್ಲರ ಕಿಸೆಯಲ್ಲೂ ಆ ದಾರಿ ಇದೆ. ತೆಳುವಾದ ಹಲಗೆಯಿಂದ ಕೋಣೆ ಬೇರ್ಪಡಿಸಿದ ಪಿ.ಜಿ.ಗಳಲ್ಲಿ, ಬಾಡಿಗೆ ಮನೆಗಳಲ್ಲಿ, ಗಂಡ–ಹೆಂಡಿರ ಹಾಸಿಗೆಯ ಪಕ್ಕದಲ್ಲೇ ಮೊಬೈಲು ಇರುತ್ತದೆ. ಆಡಿಯೋ ರೆಕಾರ್ಡಿಗೆ ಬೆಳಕು ಬೇಡ, ಕ್ಯಾಮೆರಾ ಕೋನ ಬೇಡ, ಪರದೆ ಉರಿಯುವುದೂ ಬೇಡ. ಅದು ಕತ್ತಲಲ್ಲೂ ನಡೆಯುತ್ತದೆ, ಕಡತವೂ ಚಿಕ್ಕದು. ಹೀಗೆ ಒಬ್ಬರ ಆಪ್ತಗಳಿಗೆಯ ದನಿಯನ್ನು ಅವರಿಗೆ ತಿಳಿಯದಂತೆ ಹಿಡಿದಿಟ್ಟುಕೊಂಡವರಿಗೆ ನಮ್ಮ ಕಾನೂನು ಏನು ಮಾಡುತ್ತದೆ ಎಂದು ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ಒಂದು ದೊಡ್ಡ ಬಿರುಕು.

ಬೆಂಗಳೂರಿಗೆ ಕದ್ದಾಲಿಕೆ ಎಂದರೆ ಮೊದಲು ನೆನಪಾಗುವುದು 1988. ರಾಜಕಾರಣಿಗಳ ಮತ್ತು ಉದ್ಯಮಿಗಳ ಫೋನ್ ಕದ್ದಾಲಿಸಿದ ಆರೋಪ ಬಂದು ಆ ವರ್ಷದ ಆಗಸ್ಟಿನಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು. ಆಗ ಎಲ್ಲರ ಭಯ ಸರ್ಕಾರದ ಕಿವಿಯ ಮೇಲಿತ್ತು. ಫೋನ್ ಕದ್ದಾಲಿಸಲು ಸರ್ಕಾರಕ್ಕೆ ಅಧಿಕಾರ ಕೊಟ್ಟಿದ್ದು 1885ರ ಟೆಲಿಗ್ರಾಫ್ ಕಾಯ್ದೆ. ಅದಕ್ಕೆ ಗೃಹ ಕಾರ್ಯದರ್ಶಿಯ ಆದೇಶ ಬೇಕು, ಪರಿಶೀಲನಾ ಸಮಿತಿ ಇರಬೇಕು ಎಂದು ಸುಪ್ರೀಂ ಕೋರ್ಟ್ ಕಡಿವಾಣ ಹಾಕಿದ್ದು 1996ರಲ್ಲಿ. ಆ ಕಡಿವಾಣ ಸರ್ಕಾರಕ್ಕೆ. ಪಕ್ಕದ ಕೋಣೆಯವನಿಗಲ್ಲ, ಪ್ರಿಯಕರನಿಗಲ್ಲ.

ಖಾಸಗಿ ವ್ಯಕ್ತಿಯ ರೆಕಾರ್ಡರನ್ನು ಕೋರ್ಟುಗಳು ಮೊದಲಿಂದಲೂ ಬೇರೆ ದೃಷ್ಟಿಯಿಂದ ನೋಡಿವೆ. 1972ರ ಆರ್.ಎಂ. ಮಲ್ಕಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಾತು ಪ್ರಕರಣಕ್ಕೆ ಸಂಬಂಧಪಟ್ಟಿದ್ದರೆ, ದನಿ ಯಾರದೆಂದು ಗುರುತಿಸಲು ಆದರೆ, ತಿದ್ದಿಲ್ಲವೆಂದು ಖಚಿತವಾದರೆ ಧ್ವನಿಮುದ್ರಿಕೆಯನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳಬಹುದು ಎಂದಿತು. ಅದು ಲಂಚದ ಪ್ರಕರಣ. ಇದರ ಬೆಲೆ ನನಗೆ ಗೊತ್ತು. ಲೋಕಾಯುಕ್ತ ಪೊಲೀಸರು ಬಲೆ ಹಾಕುವಾಗ ದೂರುದಾರರ ಕೈಗೆ ಕೊಡುವ ವಾಯ್ಸ್ ರೆಕಾರ್ಡರ್, ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸು ಬೆದರಿಕೆಯ ಮಾತನ್ನು ಫೋನಿನಲ್ಲಿ ಹಿಡಿದಿಡುವುದು, ಇವೆಲ್ಲ ದುರ್ಬಲರ ಕೈಯ ಆಯುಧ. ಅದನ್ನು ಕಸಿಯಬೇಕೆಂದು ನಾನು ಹೇಳುತ್ತಿಲ್ಲ. ತನ್ನ ಮೇಲಿನ ದೌರ್ಜನ್ಯಕ್ಕೆ ಸಾಕ್ಷಿ ಉಳಿಸಿಕೊಳ್ಳುವುದು ಬೇರೆ, ನಂಬಿ ಪಕ್ಕದಲ್ಲಿ ಮಲಗಿದವಳ ಉಸಿರನ್ನು ಕದಿಯುವುದು ಬೇರೆ. ಎರಡನ್ನೂ ಬೇರ್ಪಡಿಸುವ ಗೆರೆಯನ್ನು ಕಾನೂನು ಇನ್ನೂ ಎಳೆದಿಲ್ಲ.

ಕ್ಯಾಮೆರಾ ಇರುವ ಮೊಬೈಲುಗಳು ಬಂದಮೇಲೆ ಸಂಸತ್ತು ಎಚ್ಚೆತ್ತಿತು, ಆದರೆ ಕಣ್ಣನ್ನಷ್ಟೇ ತೆರೆಯಿತು. 2009ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ, ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಗುಪ್ತಾಂಗಗಳ ಚಿತ್ರ ಹಿಡಿಯುವುದನ್ನೂ ಹಂಚುವುದನ್ನೂ ಅಪರಾಧ ಮಾಡಿತು: 3 ವರ್ಷದವರೆಗೆ ಜೈಲು ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಲಮಿನ ಪ್ರತಿ ಪದವೂ ಚಿತ್ರದ ಸುತ್ತ ನಿಂತಿದೆ. ದೆಹಲಿಯಲ್ಲಿ 2012ರ ಡಿಸೆಂಬರಿನಲ್ಲಿ ನಡೆದ ಸಾಮೂಹಿಕ ಅತ್ಯಾಚಾರದ ನಂತರ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ವರದಿ ಕೊಟ್ಟಿತು. 2013ರಲ್ಲಿ ಭಾರತೀಯ ದಂಡ ಸಂಹಿತೆಗೆ 354ಸಿ ಕಲಂ ಸೇರಿತು. ಏಕಾಂತದಲ್ಲಿರುವ ಹೆಣ್ಣನ್ನು ಕದ್ದು ‘ನೋಡುವುದು’, ಅವಳ ‘ಚಿತ್ರ ಹಿಡಿಯುವುದು’ ಅಪರಾಧ. ಕದ್ದು ‘ಕೇಳುವುದು’ ಅಲ್ಲಿಲ್ಲ. 2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಾಗ ಈ ಕಲಂ 77 ಆಯಿತು. ಅಪರಾಧಿ ಗಂಡಸೇ ಆಗಿರಬೇಕು ಎಂಬ ಮಾತು ಹೋಯಿತು. ಒಂದೂವರೆ ಶತಮಾನದ ಸಂಹಿತೆಯನ್ನೇ ಹೊಸದಾಗಿ ಬರೆಯಲು ಕೂತವರು ‘ನೋಡುವುದು’ ಎಂಬುದರ ಪಕ್ಕದಲ್ಲಿ ‘ಕೇಳುವುದು’ ಎಂದು ಬರೆದಿದ್ದರೆ ಸಾಕಿತ್ತು. ಬರೆಯಲಿಲ್ಲ. ಜಾಲತಾಣಗಳಿಗೆ 2021ರ ನಿಯಮಗಳು 24 ಗಂಟೆಯೊಳಗೆ ತೆಗೆಯಬೇಕೆಂದು ಹೇಳಿದ್ದು ಕೂಡ ಮುಖ್ಯವಾಗಿ ನಗ್ನತೆ, ಲೈಂಗಿಕ ಕ್ರಿಯೆಗಳನ್ನು ‘ತೋರಿಸುವ’ ಸಾಮಗ್ರಿಯನ್ನು.

ಹಾಗಾದರೆ ದನಿಗೆ ಏನೂ ಇಲ್ಲವೇ? ಇದೆ, ಬಳಸುದಾರಿಯಲ್ಲಿ. ಹಂಚಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ಅಶ್ಲೀಲ ಸಾಮಗ್ರಿಗಿರುವ 67 ಮತ್ತು 67ಎ ಕಲಂಗಳನ್ನು ಹಾಕಬಹುದು. ಹಣ ಕೇಳಿ ಹೆದರಿಸಿದರೆ ಅದು ಸುಲಿಗೆ. ಹಂಚದೆ, ಹಣ ಕೇಳದೆ, ಸುಮ್ಮನೆ ಇಟ್ಟುಕೊಂಡವನಿಗೆ ಹತ್ತಿರದ್ದು ನ್ಯಾಯ ಸಂಹಿತೆಯ 79ನೇ ಕಲಂ. ದಂಡ ಸಂಹಿತೆಯ ಹಳೆಯ 509. ಹೆಣ್ಣಿನ ಖಾಸಗಿತನಕ್ಕೆ ನುಗ್ಗುವುದು ಅಪರಾಧ ಎಂಬ ಮಾತು ಅದರಲ್ಲಿ 1860ರಿಂದಲೂ ಇದೆ. ಆದರೆ ಅವಳ ಮಾನಕ್ಕೆ ಕುಂದು ತರುವ ಉದ್ದೇಶವನ್ನು ಸಾಬೀತು ಮಾಡಬೇಕು. ‘ಯಾರಿಗೂ ಗೊತ್ತಾಗಬಾರದೆಂದೇ ಅಡಗಿಸಿಟ್ಟಿದ್ದೆ, ಅವಮಾನ ಮಾಡುವ ಮನಸ್ಸೆಲ್ಲಿತ್ತು’ ಎಂದು ಆರೋಪಿ ವಾದಿಸಬಹುದು. ಸಂತ್ರಸ್ತ ಗಂಡಸಾದರೆ ಈ ಕಲಮೂ ಇಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂಬ ತೀರ್ಪಿನ ಬೇರು ಇರುವುದು ಇದೇ ಊರಿನಲ್ಲಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದರು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಆ ಹಕ್ಕನ್ನು ಎತ್ತಿಹಿಡಿಯಿತು. ಮನೆ, ಮದುವೆ, ಆಪ್ತಸಂಬಂಧಗಳನ್ನೂ ಅದರೊಳಗೆ ಸೇರಿಸಿತು. ಅದರ ಬೆನ್ನಿಗೆ ಬಂದ 2023ರ ಡೇಟಾ ಸಂರಕ್ಷಣೆ ಕಾಯ್ದೆ, ಒಬ್ಬ ವ್ಯಕ್ತಿ ಸ್ವಂತ ಅಥವಾ ಮನೆಬಳಕೆಗೆ ಇಟ್ಟುಕೊಂಡ ಮಾಹಿತಿಯನ್ನು ಹೊರಗಿಟ್ಟಿದೆ. ಮಲಗುವ ಕೋಣೆಯ ರೆಕಾರ್ಡಿಂಗ್ ನುಸುಳಲು ಅಷ್ಟು ಸಂದು ಸಾಕು.

2025ರ ಜುಲೈ 14ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ, ಗಂಡ ಹೆಂಡತಿಗೆ ತಿಳಿಯದಂತೆ ಮುದ್ರಿಸಿದ ಮಾತನ್ನು ವಿಚ್ಛೇದನ ಪ್ರಕರಣದಲ್ಲಿ ಸಾಕ್ಷ್ಯವಾಗಿ ಒಪ್ಪಬಹುದು ಎಂದಿತು. ಒಬ್ಬರ ಮೇಲೊಬ್ಬರು ಗೂಢಚಾರಿಕೆಗೆ ಇಳಿದಿದ್ದರೆ ದಾಂಪತ್ಯ ಆಗಲೇ ಮುರಿದಿದೆ ಎನ್ನುವುದು ಪೀಠದ ತರ್ಕ. ಸಾಕ್ಷ್ಯದ ಮಟ್ಟಿಗೆ ಈ ಮಾತು ಸರಿ ಇರಬಹುದು. ಸಿದ್ದಯ್ಯ ರಸ್ತೆಯ ಕೌಟುಂಬಿಕ ನ್ಯಾಯಾಲಯಕ್ಕೆ ಹೋಗಲು ತಯಾರಾಗುತ್ತಿರುವ ಮನೆಗಳಲ್ಲಿ ರೆಕಾರ್ಡ್ ಗುಂಡಿ ಒತ್ತಲು ಇದೇ ಧೈರ್ಯ ಕೊಡುತ್ತದೆಂಬುದು ನನ್ನ ಆತಂಕ.

ಫೋನ್ ತಯಾರಕರೂ ಮೈಕ್ ಚಾಲೂ ಆದಾಗ ಬೆಳಗುವ ಚುಕ್ಕಿ ತಂದರು, ಐಫೋನಿನಲ್ಲಿ 2020ರಲ್ಲಿ, ಆಂಡ್ರಾಯ್ಡಿನಲ್ಲಿ ಮರುವರ್ಷ. ಅದು ಕಾಣುವುದು ಫೋನ್ ಹಿಡಿದವನಿಗೆ. ಕೋಣೆಯ ಇನ್ನೊಂದು ಜೀವಕ್ಕಲ್ಲ.

ದೂರು ಕೊಡುವವರು ತಮ್ಮ ವಿಭಾಗದ ಸೈಬರ್ ಅಪರಾಧ ಠಾಣೆಗೆ ಹೋಗಬಹುದು, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲೂ ಬರೆಯಬಹುದು. ಕಡತ ಕೈಗೆ ಬಂದಿದ್ದರೆ ಕತ್ತರಿಸದೆ, ಹೆಸರು ಬದಲಿಸದೆ, ಬಂದ ದಿನ–ಹೊತ್ತು ಬರೆದಿಟ್ಟುಕೊಳ್ಳಬೇಕು. ಅಲ್ಲಿಂದ ಮುಂದಿನದು ಕಷ್ಟದ ಹಾದಿ. ಚಿತ್ರವಾದರೆ ಮುಖ ಇರುತ್ತದೆ. ದನಿಯಾದರೆ ಅದು ಯಾರದೆಂದು ತೋರಿಸಬೇಕು. ಧ್ವನಿಮಾದರಿ ಕೊಡಲು ಮ್ಯಾಜಿಸ್ಟ್ರೇಟರು ಆದೇಶಿಸಬಹುದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತ್ತು. ತನಿಖೆ, ವಿಚಾರಣೆಯ ಕ್ರಮ ಹೇಳುವ ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 349ನೇ ಕಲಮಿನಲ್ಲಿ ಅದು ಬರಹಕ್ಕಿಳಿದಿದೆ, ಆರೋಪಿಗಷ್ಟೇ ಅಲ್ಲ, ಯಾರಿಗಾದರೂ ಅನ್ವಯಿಸುವಂತೆ. ಹಾಗಾಗಿ ತನ್ನ ದನಿ ಕದ್ದವನ ಮೇಲೆ ದೂರು ಕೊಟ್ಟ ಹೆಣ್ಣುಮಗಳೇ ಮತ್ತೊಂದು ಮೈಕಿನ ಮುಂದೆ ಕೂತು ಮಾತಾಡಬೇಕಾಗಿ ಬರಬಹುದು. ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಆ ಮಾತನ್ನೂ ಆ ರಾತ್ರಿಯ ದನಿಯನ್ನೂ ಅಕ್ಕಪಕ್ಕ ಇಟ್ಟು, ಗೊತ್ತಿಲ್ಲದ ಯಾರೋ ಕೇಳುತ್ತಾರೆ.