ಅಡುಗೆಮನೆಯ ಉಳಿಕೆಯಲ್ಲೇ ಕೋಳಿ ಸಾಕಬಹುದೇ?

ಪ್ರಶ್ನೆ: ಹಿತ್ತಲಲ್ಲಿ ಮೊಟ್ಟೆಗಾಗಿ ನಾಲ್ಕು ಹೇಂಟೆಗಳನ್ನು ಸಾಕುವ ಆಸೆಯಿದೆ, ಆದರೆ ಕೈ ಬಿಗಿಯಾಗಿದೆ. ಮನೆಯಲ್ಲಿ ಉಳಿದದ್ದನ್ನೇ ಹಾಕಿ ಮೇವಿನ ಖರ್ಚನ್ನು ತಪ್ಪಿಸಬಹುದೇ?

ಉತ್ತರ: ಪೂರ್ತಿ ತಪ್ಪಿಸಲಾಗದು, ಆದರೆ ತಗ್ಗಿಸಬಹುದು. ಮೊಟ್ಟೆಯಿಡುವ ಹೇಂಟೆಗೆ ದಿನಕ್ಕೆ ಸುಮಾರು 110ರಿಂದ 120 ಗ್ರಾಂ ಒಣ ಆಹಾರ ಬೇಕು, ಅದರಲ್ಲಿ ಶೇ. 16ರಷ್ಟಾದರೂ ಪ್ರೋಟೀನ್ ಇರಬೇಕು. ತರಕಾರಿ ಸಿಪ್ಪೆಯ ಬಹುಪಾಲು ಬರೀ ನೀರಾದ್ದರಿಂದ, ಅದನ್ನೇ ತಿಂದ ಕೋಳಿಯ ಹೊಟ್ಟೆ ತುಂಬಿದರೂ ಪೋಷಣೆ ಸಾಲದೆ, ಕೆಲವೇ ದಿನಗಳಲ್ಲಿ ಮೊಟ್ಟೆ ಕಡಿಮೆಯಾಗುತ್ತದೆ. ಹಾಗಾಗಿ ಬೆಳಿಗ್ಗೆ ಲೇಯರ್ ಫೀಡ್ (ಮೊಟ್ಟೆಯಿಡುವ ಕೋಳಿಗೆಂದೇ ತಯಾರಿಸಿದ ಮೇವು) ಕೊಟ್ಟು, ಉಳಿಕೆಯನ್ನು ಸಂಜೆ ಸ್ವಲ್ಪವೇ ಹಾಕಿ. ಬೂಷ್ಟು ಹಿಡಿದದ್ದು, ಹೆಚ್ಚು ಉಪ್ಪಿನದು, ಬೇಯಿಸದ ಒಣ ಬೀನ್ಸ್, ಹಸಿರುಗಟ್ಟಿದ ಆಲೂಗಡ್ಡೆ ಸಿಪ್ಪೆ ಇವು ಖಂಡಿತ ಬೇಡ.

ನಿಜವಾದ ಉಳಿತಾಯ ಇರುವುದು ಅಗ್ಗದ ಮೇವಿನಲ್ಲಲ್ಲ, ಚೆಲ್ಲಿಹೋಗುವ ಮೇವಿನಲ್ಲಿ. ಕೋಳಿ ತಿನ್ನುವುದನ್ನು ಐದು ನಿಮಿಷ ಕುಳಿತು ನೋಡಿ: ಕೊಕ್ಕನ್ನು ಅತ್ತಿತ್ತ ಬೀಸಿ, ತನಗೆ ಬೇಕಾದ ಚೂರನ್ನು ಆರಿಸಿಕೊಂಡು, ಉಳಿದದ್ದನ್ನು ನೆಲಕ್ಕೆ ಚೆಲ್ಲುತ್ತದೆ, ಚೆಲ್ಲಿದ್ದು ಹಿಕ್ಕೆಯಲ್ಲಿ ಬೆರೆತು ಹಾಳಾಗುತ್ತದೆ. ಮೇವಿನ ಪಾತ್ರೆಯ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕೆ ಬರುವಂತೆ ತೂಗುಹಾಕಿ, ಅರ್ಧಕ್ಕಿಂತ ಹೆಚ್ಚು ತುಂಬದಿದ್ದರೆ ಈ ನಷ್ಟ ಬಹಳಷ್ಟು ನಿಲ್ಲುತ್ತದೆ. ರಾತ್ರಿ ಪಾತ್ರೆಯನ್ನು ಒಳಗಿಡಿ, ಇಲ್ಲವಾದರೆ ನೀವು ಇಲಿಗಳನ್ನೂ ಸಾಕಿದಂತಾಗುತ್ತದೆ.

ಮೊಟ್ಟೆಯ ಚಿಪ್ಪನ್ನು ಎಸೆಯಬೇಡಿ. ಒಂದೊಂದು ಚಿಪ್ಪಿಗೂ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು, ಮೇವಿನಲ್ಲಿ ಅದು ಸಾಲದಿದ್ದರೆ ಹೇಂಟೆ ತನ್ನ ಮೂಳೆಯಿಂದಲೇ ತೆಗೆದುಕೊಳ್ಳುತ್ತದೆ. ಚಿಪ್ಪನ್ನು ತೊಳೆದು, ಚೆನ್ನಾಗಿ ಬಿಸಿ ಮಾಡಿ ಒಣಗಿಸಿ, ಮೊಟ್ಟೆಯ ಗುರುತೇ ಸಿಗದಷ್ಟು ಪುಡಿಮಾಡಿ ಬೇರೆ ಬಟ್ಟಲಿನಲ್ಲಿಡಿ. ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತದೆ.

ಗೂಡಿಗೆ ಹಳೆಯ ಮರ, ಹಳೆಯ ತಗಡು ಸಾಕು. ಜಾಲರಿ ಮತ್ತು ಚಿಲಕದಲ್ಲಿ ಮಾತ್ರ ಜಿಪುಣತನ ಬೇಡವೆಂದು ಒತ್ತಿ ಹೇಳುತ್ತೇನೆ. ತೆಳುವಾದ ಕೋಳಿ ಜಾಲರಿ ಕೋಳಿಯನ್ನು ಒಳಗೆ ತಡೆಯುತ್ತದೆಯೇ ಹೊರತು ನಾಯಿಯನ್ನು ಹೊರಗೆ ತಡೆಯುವುದಿಲ್ಲ, ಮತ್ತು ಒಂದೇ ರಾತ್ರಿಯಲ್ಲಿ ನಾಲ್ಕೂ ಹೋದರೆ ಉಳಿಸಿದ್ದೆಲ್ಲ ಹೋದಂತೆ. ಮೇಲ್ಭಾಗದಲ್ಲಿ ಗಾಳಿಯಾಡಲು ಕಿಂಡಿಯಿರಲಿ.

ಮರಿ ಅಗ್ಗವೆಂದು ಕೊಳ್ಳುವವರು ಒಂದು ಲೆಕ್ಕ ಮರೆಯುತ್ತಾರೆ. ಮೊದಲ ವಾರ ಅದಕ್ಕೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು, ಮುಂದೆ 18ರಿಂದ 22 ವಾರಗಳವರೆಗೆ ಮೊಟ್ಟೆಯಿಲ್ಲದೆ ಮೇವು ಹಾಕಬೇಕು. ಸಲಕರಣೆಯಿಲ್ಲದ ಹೊಸಬರಿಗೆ ಮೊಟ್ಟೆಗೆ ಬರುವ ಹಂತದ ಹೇಂಟೆಗಳೇ ಕೊನೆಗೆ ಅಗ್ಗ. ಮೊಟ್ಟೆ ಸಾಕು, ಮರಿ ಬೇಡವೆಂದಾದರೆ ಹುಂಜವೂ ಬೇಡ. ಗರಿ ಉದುರಿಸುವ ಕಾಲದಲ್ಲಿ ಕೆಲವು ವಾರ ಮೊಟ್ಟೆ ನಿಂತರೂ ಮೇವು ನಿಲ್ಲದು. ನಾಲ್ಕು ಕೋಳಿಗೆ ತಿಂಗಳಿಗೆ ಬೇಕಾಗುವ ಸುಮಾರು 14 ಕಿಲೋ ಮೇವಿನ ಹಣವನ್ನು ಆ ದಿನಗಳಿಗೂ ಎತ್ತಿಟ್ಟು, ಆಮೇಲೆ ಕೋಳಿ ತನ್ನಿ.