ಸ್ಟಾರ್ಟರ್ ಸೆಟ್ ಅಂದರೆ ದಾಳದ ಚೀಲವಲ್ಲ

ಹೋದ ವಾರ ವಿಜಯಪುರದ ಒಂದು ಅಂಗಡಿಯಲ್ಲಿ ‘ಆರ್‌ಪಿಜಿ ಸ್ಟಾರ್ಟರ್ ಸೆಟ್’ ಅಂತ ಚೀಟಿ ಅಂಟಿಸಿದ ಪೊಟ್ಟಣ ನೋಡಿದೆ. ಆರ್‌ಪಿಜಿ ಅಂದರೆ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆಯೊಳಗೆ ಆಡುವ ಆಟ. ಒಳಗೆ ಏಳು ದಾಳ, ಅವನ್ನು ಹಾಕಿಡಲು ಒಂದು ಮಖಮಲ್ಲಿನ ಚೀಲ. ಅಷ್ಟೇ. ಈ ಪದಕ್ಕೆ ಇಂಥ ಗತಿ ಬಂದಿದ್ದನ್ನು ಈ ವರ್ಷ ನೋಡಿದ್ದು ಇದು ಮೂರನೆಯ ಸಲ. ಮೊದಲು ಒಬ್ಬರು ಮುನ್ನೂರು ಪುಟದ ನಿಯಮದ ಪುಸ್ತಕಕ್ಕೇ ಸ್ಟಾರ್ಟರ್ ಸೆಟ್ ಅಂದಿದ್ದರು. ಆಮೇಲೆ ಇನ್ನೊಬ್ಬರು ಅದೇ ಪುಸ್ತಕವನ್ನು ಇಪ್ಪತ್ತು ಪುಟಕ್ಕೆ ಕತ್ತರಿಸಿ, ‘ಸಣ್ಣದು ಮಾಡಿದೀನ್ರಿ, ಸ್ಟಾರ್ಟರ್ ಆತು’ ಅಂದರು. ಆಗಲಿಲ್ಲ.

ಈ ಗೊಂದಲ ಹೋಟೆಲಿನ ಮೆನು ಕಾರ್ಡಿನಿಂದ ಬಂದಿದೆ ಅಂತ ನನ್ನ ಗುಮಾನಿ. ಅಲ್ಲಿ ಸ್ಟಾರ್ಟರ್ ಅಂದರೆ ಊಟಕ್ಕೆ ಮುಂಚಿನ ಗೋಬಿ ಮಂಚೂರಿ. ತಿಂದರೂ ಆಯಿತು, ಬಿಟ್ಟರೂ ಆಯಿತು, ಊಟ ಬೇರೆಯೇ ಇದೆ. ಆಟದ ಡಬ್ಬಿಯ ಮೇಲೆ ಅದೇ ಪದ ಕಂಡಾಗ, ಇದೂ ನಿಜವಾದ ಆಟಕ್ಕೆ ಮುಂಚಿನ ತಿಂಡಿ ಅಂದುಕೊಳ್ಳುತ್ತಾರೆ.

ಮುಧೋಳ, ಜಮಖಂಡಿ ಕಡೆಯವರಿಗಾದರೂ ಈ ತಪ್ಪು ಆಗಬಾರದಿತ್ತು. ಕಬ್ಬಿನ ಹೊಲದಲ್ಲಿ ಬೋರ್‌ವೆಲ್ ಪಕ್ಕ ಹಸಿರು ಗುಂಡಿ, ಕೆಂಪು ಗುಂಡಿಯ ಡಬ್ಬಿ ಇರುತ್ತದಲ್ಲ, ಅದೂ ಸ್ಟಾರ್ಟರೇ. ಮೋಟಾರಿಗೆ ನೇರ ಕರೆಂಟ್ ಕೊಟ್ಟರೆ ಶುರುವಾಗುವ ಹೊತ್ತಿಗೆ ಅದು ಮಾಮೂಲಿಗಿಂತ ಐದಾರು ಪಟ್ಟು ಜಾಸ್ತಿ ಎಳೆಯುತ್ತದೆ. ತಿರುಗತೊಡಗಿದ ಮೇಲೆ ಆ ಎಳೆತ ಇಳಿಯುತ್ತದೆ. ಅದಕ್ಕೇ ದೊಡ್ಡ ಮೋಟಾರಿಗೆ ಸ್ಟಾರ್ ಡೆಲ್ಟಾ ಸ್ಟಾರ್ಟರ್ ಹಾಕುವುದು. ಮೊದಲು ಸ್ಟಾರ್‌ನಲ್ಲಿ ಕಡಿಮೆ ಕೊಟ್ಟು, ವೇಗ ಹಿಡಿದ ಮೇಲೆ ಡೆಲ್ಟಾಕ್ಕೆ ಬದಲಿಸುತ್ತದೆ. ಮೋಟಾರು ಅದೇ, ಕೊಡುವ ಕ್ರಮ ಬೇರೆ. ಅಂದಹಾಗೆ ಇಂಗ್ಲಿಷಿನ ‘ಸ್ಟಾರ್ಟ್’ಗೆ ಹಳೆಯ ಕಾಲದಲ್ಲಿ ನೆಗೆಯುವುದು, ಬೆಚ್ಚಿಬೀಳುವುದು ಅಂತ ಅರ್ಥವಿತ್ತು. ಶುರು ಮಾಡುವುದು ಅನ್ನುವ ಅರ್ಥ ಆಮೇಲಿನದು. ಸ್ಟಾರ್ಟರ್ ಇಲ್ಲದ ಮೋಟಾರು ಆ ಹಳೆಯ ಅರ್ಥವನ್ನು ಈಗಲೂ ಪಾಲಿಸುತ್ತದೆ.

ಮೇಜಿನ ಮೇಲಿನ ಈ ಆಟಕ್ಕೂ ಅತಿ ಭಾರದ ಹೊತ್ತು ಅಂದರೆ ಮೊದಲ ಸಂಜೆ. ನಾಲ್ಕು ಜನ ಕೂತಿದ್ದಾರೆ, ಯಾರೂ ಮೊದಲು ಆಡಿಲ್ಲ. ಕಥೆ ನಡೆಸುವ ಗೇಮ್ ಮಾಸ್ಟರ್ ಆಗಬೇಕಾದವನೂ ಆಡಿಲ್ಲ. ಅವನು ಡಬ್ಬಿ ತೆರೆದಿದ್ದೇ ಆರು ಗಂಟೆಗೆ, ಗೆಳೆಯರು ಬರುವುದು ಏಳಕ್ಕೆ. ಆ ಒಂದು ತಾಸನ್ನು ದಾಟಿಸುವುದೇ ಸ್ಟಾರ್ಟರ್ ಸೆಟ್ಟಿನ ಕೆಲಸ. ಗೊತ್ತಿದ್ದವರು ಒಬ್ಬರೂ ಇಲ್ಲದ ಮನೆಯಲ್ಲಿ ಆಟ ತಿರುಗಬೇಕು. ಗೊತ್ತಿದ್ದವರು ಪಕ್ಕದಲ್ಲಿ ಕೂತರೆ ಮಾತ್ರ ನಡೆಯುವ ಸೆಟ್ ಎಷ್ಟು ಚಂದ ಇದ್ದರೂ ಸ್ಟಾರ್ಟರ್ ಅಲ್ಲ.

ಹಾಗಾದರೆ ದಾಳ? ಅದಕ್ಕೊಂದು ಹಳೆಯ ಕಥೆ ಇದೆ. ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಅನ್ನುವ ಆರ್‌ಪಿಜಿ ಬಂದಿದ್ದು 1974ರಲ್ಲಿ. ಹೊಸಬರಿಗಾಗಿ ಅದರ ಬೇಸಿಕ್ ಸೆಟ್ ಬಂದಿದ್ದು 1977ರಲ್ಲಿ. ಆಮೇಲೆ ಒಂದಷ್ಟು ಕಾಲ ದಾಳಗಳಿಗೇ ಬರ ಬಂತು. ಆಗ ಡಬ್ಬಿಯಲ್ಲಿ ಅಂಕಿ ಬರೆದ ರಟ್ಟಿನ ತುಂಡುಗಳನ್ನು ಇಟ್ಟು ಮಾರಿದರು. ಲೋಟದಲ್ಲಿ ಹಾಕಿ ಕುಲುಕಿ ಒಂದನ್ನು ಎತ್ತಬೇಕು, ನಮ್ಮ ಚೀಟಿ ಎತ್ತುವ ಹಾಗೆ. ದಾಳ ಇಲ್ಲದೆಯೂ ಜನ ಆಡಿದರು. ಬರೀ ದಾಳ ಇಟ್ಟುಕೊಂಡು ಚೌಕಾಬಾರ ಆಡಬಹುದೇನೋ, ಅದಕ್ಕೂ ಮನೆ ಗೀಚಬೇಕು.

ಅದೇ ಬೇಸಿಕ್ ಸೆಟ್ಟಿನ 1983ರ ಕೆಂಪು ಡಬ್ಬಿ ಇನ್ನೂ ಜಾಣತನ ಮಾಡಿತು. ಆಟಗಾರರ ಪುಸ್ತಕ ಶುರುವಾಗುವುದೇ ಒಬ್ಬರೇ ಕೂತು ಆಡುವ ಕಥೆಯಿಂದ. ಓದುತ್ತಾ ಓದುತ್ತಾ ನಿಯಮ ಕೈಗೆ ಬರುತ್ತದೆ. ಜೊತೆಗೆ ಬಂದ ಒಳ್ಳೆಯ ಹೆಂಗಸು ಆ ಕಥೆಯಲ್ಲೇ ಸಾಯುತ್ತಾಳೆ. ಹೊಸಬರಿಗೆ ಮೊದಲ ದಿನವೇ ಇಂಥ ಪೆಟ್ಟು ಬೇಕಿತ್ತಾ ಅನ್ನಬಹುದು. ಬೇಕಿತ್ತು ಅಂತಲೇ ನನ್ನ ವಾದ. ಅದೇ ಆಟದ 2014ರ ಸ್ಟಾರ್ಟರ್ ಸೆಟ್ಟಿನ ಲೆಕ್ಕವನ್ನೂ ನೋಡಿ: ನಿಯಮಕ್ಕೆ 32 ಪುಟ, ಕಥೆಗೆ 64 ಪುಟ, ಐದು ಸಿದ್ಧ ಪಾತ್ರಗಳು. ಪಾತ್ರ ಕಟ್ಟುವ ನಿಯಮವೇ ಇಲ್ಲ. ಅದು ಇಲ್ಲ ಅಂತ ಬೈದವರು ಇದ್ದಾರೆ. ನನಗಂತೂ ಅದೇ ಅದರ ದೊಡ್ಡ ಗುಣ. ಪಾತ್ರ ಕಟ್ಟುವುದರಲ್ಲೇ ಮೊದಲ ಸಂಜೆ ಮುಗಿದುಹೋದ ಎಷ್ಟು ಗುಂಪುಗಳನ್ನು ನೋಡಿಲ್ಲ!

ನಾನೇ ಒಂದು ಸ್ಟಾರ್ಟರ್ ಸೆಟ್ ಮಾಡುವುದಾದರೆ ಹೀಗೆ ಮಾಡುತ್ತೇನೆ. ಮೊದಲ ದೃಶ್ಯ ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿ, ಸಂಜೆ ಬಾಗಿಲು ಹಾಕುವ ಹೊತ್ತು. ಒಳಗೆ ಸುಮಾರು 38 ಮೀಟರ್ ಅಗಲ. ಮೆಲ್ಲಗೆ ಆಡಿದ ಮಾತೂ ಆ ಬದಿಗೆ ಕೇಳುತ್ತದೆ. ಎದುರಿಗೆ ಯಾರೂ ಕಾಣುತ್ತಿಲ್ಲ, ಆದರೆ ಒಂದು ದನಿ: ‘ಕೀಲಿ ನನ್ನ ಹತ್ರ ಐತಿ.’ ಓಡುತ್ತೀರಾ, ಕಿವಿಗೊಡುತ್ತೀರಾ? ಕಿವಿಗೊಟ್ಟರೆ ಇಪ್ಪತ್ತು ಮುಖದ ದಾಳ ಒಗೆಯಿರಿ. 12 ಅಥವಾ ಜಾಸ್ತಿ ಬಿದ್ದರೆ ದನಿ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ. ಈ ನಿಯಮ ಅದೇ ಪುಟದ ಅಂಚಿನಲ್ಲೇ ಅಚ್ಚಾಗಿರಬೇಕು, ‘ಪುಟ 27 ನೋಡಿ’ ಅನ್ನಬಾರದು. ಇಷ್ಟರಲ್ಲಿ ಆಟಗಾರರಲ್ಲಿ ಒಬ್ಬರು ಪಕ್ಕದವರಿಗೆ ‘ಯಾರೋ ಅದಾರ’ ಅಂತ ಪಿಸುಗುಟ್ಟೇ ಗುಟ್ಟುತ್ತಾರೆ. ಅದೂ ಆ ಬದಿಗೆ ಕೇಳಿಸಿತು! ನೀವು ಮಾಡಿದ್ದಕ್ಕೆ ಪರಿಣಾಮ ಇದೆ ಅನ್ನುವುದು ಹತ್ತೇ ನಿಮಿಷದಲ್ಲಿ, ಭಾಷಣ ಇಲ್ಲದೆ ತಿಳಿಯಿತು ಅಲ್ವಾ?

ಕನ್ನಡದಲ್ಲಿ ಸ್ಟಾರ್ಟರ್‌ಗೆ ಒಂದು ಪದ ಬೇಕು ಅನ್ನುವವರಿಗೆ ನಾನು ‘ಹೆಪ್ಪು’ ಅನ್ನುತ್ತೇನೆ, ನಗುತ್ತಾರೆ. ಯಾಕೆ ನಗಬೇಕು? ಹೆಪ್ಪು ಹಾಕುವುದು ಒಂದು ಚಮಚ ಮೊಸರು. ಅದು ನೀರಿನ ಮೊಸರಲ್ಲ, ಅರ್ಧಂಬರ್ಧ ಮೊಸರಲ್ಲ, ನಿಜವಾದ ಮೊಸರೇ. ಕತ್ತರಿಸಿದ ಇಪ್ಪತ್ತು ಪುಟಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅದೇ.

‘ಕ್ವಿಕ್‌ಸ್ಟಾರ್ಟ್’ ಬೇರೆ. ಅದು ಸಾಮಾನ್ಯವಾಗಿ ರುಚಿ ತೋರಿಸಲು ಪುಕ್ಕಟೆ ಕೊಡುವ ಪಿಡಿಎಫ್. ಅದನ್ನು ಇಲ್ಲಿಗೆ ಎಳೆಯುವುದು ಬೇಡ.

ಇನ್ನು ಆ ವಿಜಯಪುರದ ಅಂಗಡಿ. ಪೊಟ್ಟಣ ತಿರುಗಿಸಿ ನೋಡಿ ಕೇಳಿದೆ: ‘ಇದರೊಳಗ ಕಥಿ ಇಲ್ಲೇನ್ರಿ?’

ಅಂಗಡಿಯವರು ತಲೆ ಎತ್ತಲಿಲ್ಲ. ‘ಕಥಿ ಬೇಕಂದ್ರ ಪುಸ್ತಕದ ಅಂಗಡ್ಯಾಗ ಕೇಳ್ರಿ’ ಅಂದರು.