ಚಂಡಮಾರುತ ತಪ್ಪಿದರೂ ಅಲೆ ತಪ್ಪಲ್ಲ: ಹವಾಯಿಯ ಗೋಜಲಿನ ಲೆಕ್ಕ

ಜೂನ್‌ನಿಂದ ನವೆಂಬರ್‌ವರೆಗೆ ಹವಾಯಿಯಲ್ಲಿ ಚಂಡಮಾರುತದ ಕಾಲ. ಮೆಕ್ಸಿಕೋ ಕಡೆ ಹುಟ್ಟಿದ್ದೊಂದು ಪಶ್ಚಿಮಕ್ಕೆ ಹೊರಟರೆ ಸಾಕು, ಎಲ್ಲರ ಕಣ್ಣೂ ನಕ್ಷೆಯ ಮೇಲೆ. ಅದರ ದಾರಿ ಚೂರು ಸರಿದರೆ ‘ಅಬ್ಬಾ, ತಪ್ಪಿತು’ ಅಂತ ನಿಟ್ಟುಸಿರು. ಆದರೆ ಗಾಳಿ ನೂರಾರು ಕಿ.ಮೀ. ಆಚೆ ಇರುವಾಗಲೇ ಪೂರ್ವ ಕರಾವಳಿಯ ಊರಾದ ಹಿಲೋ ಕಡೆಯ ದಡಕ್ಕೆ ಅಲೆ ಅಪ್ಪಳಿಸಲು ಶುರುವಾಗಿರುತ್ತದೆ.

ಮೊದಲೆಲ್ಲ ಈ ಸಾಗರದ ನಟ್ಟನಡುವೆ ಏನಾಗುತ್ತಿದೆ ಅಂತ ತಿಳಿಯಲು ಯಾವುದಾದರೂ ಹಡಗು ಹೇಳಬೇಕಿತ್ತು. 1959ರಲ್ಲಿ ‘ಡಾಟ್’ ಚಂಡಮಾರುತ ಕವಾಯಿ ದ್ವೀಪಕ್ಕೆ ಬಡಿಯಿತು, 60ರ ದಶಕದಲ್ಲಿ ಉಪಗ್ರಹಗಳು ಬಂದವು, 1982ರಲ್ಲಿ ‘ಇವಾ’ ಬಂತು. ಅಲ್ಲಿಂದ ಹತ್ತು ವರ್ಷಕ್ಕೆ ‘ಇನಿಕಿ’. ದಕ್ಷಿಣದಲ್ಲೇ ಹಾದು ಪಶ್ಚಿಮಕ್ಕೆ ಹೋಗುವಂತೆ ಕಂಡದ್ದು ಉತ್ತರಕ್ಕೆ ತಿರುಗಿತು. ಚಂಡಮಾರುತದ ಎಚ್ಚರಿಕೆ ಹೊರಟು ಒಂದು ದಿನವೂ ಆಗಿರಲಿಲ್ಲ, 1992ರ ಸೆಪ್ಟೆಂಬರ್ 11ರಂದು ಗಂಟೆಗೆ ಸುಮಾರು 230 ಕಿ.ಮೀ. ಗಾಳಿ ಕವಾಯಿ ಮೇಲಿತ್ತು. 1,400ಕ್ಕೂ ಹೆಚ್ಚು ಮನೆ ನೆಲಸಮ. ಕವಾಯಿಯಲ್ಲಿ ಈಗ ಎಲ್ಲಿ ನೋಡಿದರೂ ಕಾಡುಕೋಳಿ. ಆ ಗಾಳಿಗೆ ಗೂಡು ಮುರಿದು ಓಡಿದವುಗಳ ಸಂತಾನ ಅಂತ ಊರವರ ಮಾತು.

ಚಂಡಮಾರುತದ ದಾರಿ ಹೇಳುವುದು ಆಮೇಲೆ ತುಂಬಾ ಸುಧಾರಿಸಿತು. ಗೋಜಲು ಉಳಿದದ್ದು ಅಲೆಯ ಎತ್ತರ ಹೇಳುವುದರಲ್ಲಿ.

ಹವಾಯಿಯ ಹಳೇ ಸರ್ಫರ್‌ಗಳು ಅಲೆಯನ್ನು ಹಿಂದಿನಿಂದ ಅಳೆಯುತ್ತಾರೆ ಅನ್ನುವುದುಂಟು. ಹೇಗೇ ಇರಲಿ, ಅವರ ‘ಆರು ಅಡಿ’ ಅಂದರೆ ಎದುರು ನಿಂತವನಿಗೆ ಹೆಚ್ಚುಕಡಿಮೆ ಹನ್ನೆರಡು ಅಡಿಯ ಗೋಡೆ. ಕಡಿಮೆ ಹೇಳುವುದರಲ್ಲೇ ಒಂದು ಗತ್ತು, ಅಲ್ವಾ? ಆದರೆ ನಿನ್ನೆ ತಾನೇ ವಿಮಾನ ಇಳಿದು ಬಂದವನಿಗೆ ಆ ಗತ್ತು ಗೊತ್ತಿಲ್ಲ. ಆರಡಿ ತಾನೇ ಅಂತ ಮಗುವಿನ ಕೈ ಹಿಡಿದು ನೀರಿಗಿಳಿಯುತ್ತಾನೆ. 2001ರಲ್ಲಿ ಹವಾಮಾನ ಇಲಾಖೆ ಅಲೆಯ ಮುಖದ, ಅಂದರೆ ಎದುರಿನಿಂದ ಕಾಣುವ ಎತ್ತರವನ್ನೇ ಹೇಳಲು ಶುರುಮಾಡಿತು. ಹಳಬರು ಮಾತ್ರ ಬದಲಾಗಲಿಲ್ಲ.

ಮೂರನೆಯ ಅಂಕಿ ಸಮುದ್ರದಲ್ಲಿ ತೇಲುತ್ತಾ ಅಲೆ ಅಳೆಯುವ ಬೋಯ್ ಎಂಬ ಉಪಕರಣದ್ದು. ಎಲ್ಲ ಅಲೆಗಳಲ್ಲಿ ಅತಿ ಎತ್ತರದ ಮೂರನೇ ಒಂದು ಪಾಲಿನ ಸರಾಸರಿ ಅದು. ಅದೂ ಆಳ ನೀರಿನಲ್ಲಿ ಅಳೆದದ್ದು. ಅದೇ ಅಲೆ ದಡದ ಹವಳದ ದಿಬ್ಬಕ್ಕೆ ತಾಗಿದರೆ ಇನ್ನೂ ಮೇಲೇಳುತ್ತದೆ. ಹಾಗಾಗಿ ಬೋಯ್‌ನಲ್ಲಿ ಎತ್ತರಕ್ಕಿಂತ ನೋಡಬೇಕಾದ್ದು ಎರಡು ಅಲೆಗಳ ನಡುವಿನ ಸೆಕೆಂಡು. 12 ಸೆಕೆಂಡು ಅಂತರದ ಅಲೆಗಳ ಗುಂಪು ಗಂಟೆಗೆ ಸುಮಾರು 34 ಕಿ.ಮೀ. ಸಾಗುತ್ತದೆ. ಹಿಲೋದಿಂದ ಆಗ್ನೇಯಕ್ಕೆ ಸುಮಾರು 380 ಕಿ.ಮೀ. ದೂರದಲ್ಲಿ ಒಂದು ಬೋಯ್ ಇದೆ. ಅಲ್ಲಿ ಕಂಡ ಅಲೆ ನೇರ ಬಂದರೆ ಊರಿಗೆ 11 ಗಂಟೆ. ಚಂಡಮಾರುತ ಎತ್ತ ಹೋದರೂ ಈ ಲೆಕ್ಕ ಬದಲಾಗಲ್ಲ.

ಇಷ್ಟು ಸಾಲದು ಅಂತ ಗಡಿರೇಖೆ ಬೇರೆ. ಚಂಡಮಾರುತ ಪಶ್ಚಿಮ ರೇಖಾಂಶ 140 ಡಿಗ್ರಿಯ ಪೂರ್ವಕ್ಕಿದ್ದರೆ ಮುನ್ಸೂಚನೆ ಮಯಾಮಿಯ ಕೇಂದ್ರದ ಹೊಣೆ, ದಾಟಿದರೆ ಹೊನೊಲುಲುವಿನದು. ಅಂತರರಾಷ್ಟ್ರೀಯ ದಿನರೇಖೆ ದಾಟಿದರೆ ಹೆಸರೇ ಬದಲು: ಟೈಫೂನ್. 2023ರ ‘ಡೋರಾ’ ಈ ಎರಡೂ ಗೆರೆ ದಾಟಿತು. ಅದು ಹವಾಯಿಗೆ ನೂರಾರು ಕಿ.ಮೀ. ದಕ್ಷಿಣದಲ್ಲಿ ಹಾದುಹೋಗುತ್ತಿದ್ದ ದಿನವೇ ಜೋರು ಗಾಳಿಯಲ್ಲಿ ಮಾವಿ ದ್ವೀಪದ ಲಹೈನಾ ಊರು ಸುಟ್ಟುಹೋಯಿತು. ಆ ಗಾಳಿಯಲ್ಲಿ ಡೋರಾದ ಪಾಲು ಎಷ್ಟು ಎಂಬ ಚರ್ಚೆ ಆಮೇಲೂ ನಡೆಯಿತು.

ಇತ್ತ ಓವಾಹು ದ್ವೀಪದ ಉತ್ತರ ದಡದಲ್ಲಿ ಮನೆಗಳು ಮರಳಿನ ಮೇಲೇ ಇವೆ. ಉಳ್ಳಾಲದ ಕಡಲ್ಕೊರೆತ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಖಾಸಗಿ ತಡೆಗೋಡೆಗೆ ಈಗ ಬಹುತೇಕ ಅನುಮತಿ ಇಲ್ಲ, ಗೋಡೆ ಕಟ್ಟಿದರೆ ಅದರ ಮುಂದಿನ ಮರಳೇ ಹೋಗುತ್ತದೆ ಅಂತ. ಬದಲಿಗೆ ಉದ್ದುದ್ದ ಮರಳಿನ ಚೀಲ ಇಡುತ್ತಾರೆ. ಅಲ್ಲಿನವರ ಬಾಯಲ್ಲಿ ಅದು ‘ಬರಿಟೊ’. ಅನುಮತಿ ತಾತ್ಕಾಲಿಕ, ಚೀಲ ಮಾತ್ರ ವರ್ಷಗಟ್ಟಲೆ ಅಲ್ಲೇ ಉಳಿದದ್ದುಂಟು. 2022ರ ಫೆಬ್ರವರಿ ಕೊನೆಗೆ ಅದೇ ದಡದ ರಾಕಿ ಪಾಯಿಂಟ್ ಬಳಿ ಒಂದು ಮನೆ ಮರಳಿಗೆ ಜಾರಿ ಬಿತ್ತು. ಚಂಡಮಾರುತದ ಕಾಲಕ್ಕೆ ಆಗಿನ್ನೂ ಮೂರು ತಿಂಗಳಿತ್ತು.